ಆನ್‌ಲೈನ್ ಪಾಠ ಕಟ್ಟುವವರು ಏನು ಓದಬೇಕು?

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಉರ್ದು ಮಾಧ್ಯಮದ ಮಕ್ಕಳಿಗೆ ಕನ್ನಡ ಕಲಿಸಲು ಸಂಘದಿಂದ ಒಂದು ಆನ್‌ಲೈನ್ ಕೋರ್ಸ್ ತಯಾರಿಸಬೇಕು ಎಂಬ ಮಾತು ಕಳೆದ ಸಭೆಯಲ್ಲಿ ಬಂದಿತ್ತು. ಬಿ.ಇಡಿ. ಮುಗಿಸಿದ ಐದಾರು ಯುವಕ ಯುವತಿಯರು ಕೆಲಸಕ್ಕೆ ಮುಂದೆ ಬಂದಿದ್ದಾರೆ. ಅವರಲ್ಲಿ ಇಬ್ಬರಿಗೆ ಬೆಂಗಳೂರಿನ ಕಂಪನಿಗಳಲ್ಲಿ ಇದೇ ಕೆಲಸ ಹಿಡಿಯುವ ಆಸೆಯೂ ಇದೆ. ‘ಇದನ್ನು ಕಲಿಯಲು ಏನು ಓದಬೇಕು ಟೀಚರ್?’ ಎಂದು ಅವರು ಕೇಳಿದ್ದಾರೆ. ನನಗೆ ತಿಳಿದಷ್ಟನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ನನ್ನದೇ ತಪ್ಪನ್ನು ಹೇಳಿಬಿಡುತ್ತೇನೆ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ನಾನೂ ಮೊಬೈಲ್ ಮುಂದೆ ಕುಳಿತು ಪಾಠ ಮಾಡಿದೆ. ಒಂದೊಂದು ವಿಡಿಯೊ ಮೂವತ್ತೈದು ನಿಮಿಷ. ಪುಸ್ತಕ ಹಿಡಿದು ಸಾಲು ಸಾಲಾಗಿ ಓದಿ ಅರ್ಥ ಹೇಳಿದ್ದೇ ಹೇಳಿದ್ದು. ಶಾಲೆ ತೆರೆದ ಮೇಲೆ ಏಳನೆಯ ತರಗತಿಯ ಒಬ್ಬ ಹುಡುಗಿ ಹೇಳಿದಳು: ‘ಟೀಚರ್, ಫೋನ್ ರಾತ್ರಿ ಅಬ್ಬಾ ಬಂದ ಮೇಲೆ ಸಿಗುತ್ತಿತ್ತು. ಅಣ್ಣನ ಪಾಠ ಮುಗಿಯುವಷ್ಟರಲ್ಲಿ ನೆಟ್ ಖಾಲಿ. ನಿಮ್ಮದು ಒಂದೂ ಪೂರ್ತಿ ನೋಡಲಿಲ್ಲ.’ ತರಗತಿಯಲ್ಲಾದರೆ ಮಕ್ಕಳ ಮುಖ ನೋಡಿ ಪಾಠದ ದಾರಿ ಬದಲಿಸುತ್ತೇವೆ. ಫೋನಿನಲ್ಲಿ ಆ ಮುಖವಿಲ್ಲ. ಹಾಗಾಗಿ ಮಗು ಎಲ್ಲಿ ಎಡವುತ್ತದೆ ಎಂಬುದನ್ನು ಮೊದಲೇ ಯೋಚಿಸಿ ಪಾಠ ಕಟ್ಟಬೇಕಾಗುತ್ತದೆ. ಇದಕ್ಕೇ ‘ಇನ್‌ಸ್ಟ್ರಕ್ಷನಲ್ ಡಿಸೈನ್’ ಎಂಬ ದೊಡ್ಡ ಹೆಸರು.

ಬಿ.ಇಡಿ. ಮಾಡಿದವರು ಹಳೆಯ ನೋಟ್ಸನ್ನು ರದ್ದಿಗೆ ಹಾಕಬೇಡಿ. 1956ರ ಬ್ಲೂಮ್ ವರ್ಗೀಕರಣ, 2001ರಲ್ಲಿ ಅದಕ್ಕಾದ ಪರಿಷ್ಕರಣೆ ನಿಮಗೆ ಗೊತ್ತೇ ಇದೆ. ಅದರ ಜೊತೆಗೆ ರಾಬರ್ಟ್ ಮೇಜರ್ 1962ರಲ್ಲಿ ಬೋಧನಾ ಉದ್ದೇಶಗಳ ಬಗ್ಗೆ ಬರೆದ ಸಣ್ಣ ಪುಸ್ತಕವನ್ನು ಓದಿ. ಕಲಿತವನು ಏನು ಮಾಡಿ ತೋರಿಸಬೇಕು, ಯಾವ ಸನ್ನಿವೇಶದಲ್ಲಿ, ಎಷ್ಟು ಸರಿಯಾಗಿ, ಈ ಮೂರನ್ನೂ ಬರೆಯಬೇಕೆಂದು ಅವರು ಹೇಳುತ್ತಾರೆ. ‘ಮಕ್ಕಳು ಗುಣಿತಾಕ್ಷರ ತಿಳಿಯುವರು’ ಎಂದು ಬರೆದರೆ ಅದರಿಂದ ಏನೂ ಹುಟ್ಟುವುದಿಲ್ಲ. ‘ಕೇಳಿಸಿದ ಹತ್ತು ಪದಗಳಲ್ಲಿ ಎಂಟನ್ನಾದರೂ ಹ್ರಸ್ವ ದೀರ್ಘ ತಪ್ಪದೆ ಬರೆಯುವರು’ ಎಂದು ಬರೆದು ನೋಡಿ, ಅಭ್ಯಾಸವೂ ಪರೀಕ್ಷೆಯೂ ಅದರಲ್ಲೇ ಸಿದ್ಧವಾಗಿರುತ್ತದೆ.

ಒಂದೇ ಪುಸ್ತಕ ಕೊಳ್ಳುವ ಶಕ್ತಿಯಿದ್ದರೆ ರೂತ್ ಕ್ಲಾರ್ಕ್ ಮತ್ತು ರಿಚರ್ಡ್ ಮೇಯರ್ ಬರೆದ ‘ಇ-ಲರ್ನಿಂಗ್ ಅಂಡ್ ದಿ ಸೈನ್ಸ್ ಆಫ್ ಇನ್‌ಸ್ಟ್ರಕ್ಷನ್’ ಕೊಳ್ಳಿ. ಮೇಯರ್ ಕ್ಯಾಲಿಫೋರ್ನಿಯಾದಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಚಿತ್ರ, ಮಾತು, ಅಕ್ಷರ ಒಟ್ಟಿಗೆ ಬಂದಾಗ ಮನಸ್ಸು ಎಷ್ಟನ್ನು ಹೊರಬಲ್ಲದು ಎಂಬುದನ್ನು ಪ್ರಯೋಗ ಮಾಡಿ ನೋಡಿದವರು. ಪಾಠಕ್ಕೆ ಸಂಬಂಧವಿಲ್ಲದ ಅಲಂಕಾರ, ಹಿನ್ನೆಲೆ ಸಂಗೀತ ಕಲಿಕೆಯನ್ನು ಕೆಡಿಸುತ್ತವೆ, ಉದ್ದದ ಪಾಠವನ್ನು ತುಂಡು ಮಾಡಿ ಕೊಡಬೇಕು, ಚಿತ್ರವನ್ನು ಮಾತಿನಲ್ಲಿ ವಿವರಿಸುವಾಗ ಅದೇ ಮಾತನ್ನು ಪರದೆಯ ಮೇಲೂ ಬರೆದು ತೋರಿಸಬಾರದು ಎನ್ನುತ್ತಾರೆ. ಆದರೆ ಕೊನೆಯ ನಿಯಮಕ್ಕೆ ಅವರೇ ವಿನಾಯಿತಿಯನ್ನೂ ಹೇಳಿದ್ದಾರೆ. ಭಾಷೆ ಹೊಸದಾದವರಿಗೆ ಬರಹವೂ ಜೊತೆಗಿದ್ದರೆ ಸಹಾಯವಾಗುತ್ತದೆ. ನಮ್ಮ ಕೋರ್ಸ್ ಭಾಷೆಯದ್ದೇ ಆದ್ದರಿಂದ ನಮಗೆ ಈ ವಿನಾಯಿತಿಯೇ ಮುಖ್ಯ. ನಿಯಮವನ್ನಷ್ಟೇ ಯಾರೋ ಹೇಳಿದ್ದು ಕೇಳಿ ನಾನು ಅಕ್ಷರಗಳನ್ನೆಲ್ಲ ತೆಗೆದುಬಿಟ್ಟಿದ್ದೆ! ಮೂಲ ಪುಸ್ತಕ ಓದಿ ಎನ್ನುವುದು ಅದಕ್ಕೇ.

ವಿಡಿಯೊ ಎಷ್ಟು ಉದ್ದವಿರಬೇಕು? 2014ರಲ್ಲಿ ಫಿಲಿಪ್ ಗುವೊ ಮತ್ತು ಸಂಗಡಿಗರು ಎಡ್‌ಎಕ್ಸ್ ಕೋರ್ಸ್‌ಗಳ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದರು. ಆರು ನಿಮಿಷ ದಾಟಿದರೆ ನೋಡುವವರ ಗಮನ ಜಾರುತ್ತದೆಂದು ಕಂಡುಬಂತು. ನನ್ನ ಮೂವತ್ತೈದು ನಿಮಿಷ ನೆನಪಾಗಿ ನಾಚಿಕೆಯಾಯಿತು.

ಜೂಲಿ ಡರ್ಕ್‌ಸೆನ್ 2011ರಲ್ಲಿ ಬರೆದ ‘ಡಿಸೈನ್ ಫಾರ್ ಹೌ ಪೀಪಲ್ ಲರ್ನ್’ ಸುಲಭ ಇಂಗ್ಲಿಷಿನಲ್ಲಿದೆ. ಕಲಿಯುವವನ ಕೊರತೆ ತಿಳಿವಳಿಕೆಯದೋ, ಅಭ್ಯಾಸದ್ದೋ, ಮನಸ್ಸಿನದೋ, ಸುತ್ತಲಿನ ಪರಿಸರದ್ದೋ ಎಂದು ಮೊದಲು ಕೇಳಿ ಎನ್ನುತ್ತದೆ ಆ ಪುಸ್ತಕ. ನಮ್ಮ ಮಕ್ಕಳನ್ನೇ ತೆಗೆದುಕೊಳ್ಳಿ. ಉರ್ದುವಿನಲ್ಲಿ ಜೇರ್, ಜಬರ್, ಪೇಶ್‌ಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ, ಓದುವವನೇ ಊಹಿಸಿಕೊಳ್ಳುತ್ತಾನೆ. ಆ ರೂಢಿಯಲ್ಲಿ ಬಂದ ಮಗು ಕನ್ನಡದಲ್ಲಿ ಕೊಂಬು, ಗುಡಿಸುಗಳನ್ನು ಬಿಡುತ್ತದೆ. ಣ ಮತ್ತು ಳ ಉರ್ದುವಿನಲ್ಲಿ ಇಲ್ಲದ್ದರಿಂದ ‘ಹಳ್ಳಿ’ಯನ್ನು ‘ಹಲ್ಲಿ’ ಎಂದು ಬರೆಯುತ್ತದೆ. ಇದನ್ನು ದಡ್ಡತನ ಎಂದು ಬೈದವರನ್ನು ನಾನು ನೋಡಿದ್ದೇನೆ. ಕಿವಿಗೆ ಅಭ್ಯಾಸ ಕೊಟ್ಟರೆ ಸರಿಹೋಗುವ ವಿಷಯ ಇದು. ಪುಸ್ತಕಗಳಲ್ಲಿ ಸಿಗದ ಈ ಮಾಹಿತಿ ನಿಮ್ಮ ತರಗತಿಯ ಕಾಪಿ ಪುಸ್ತಕಗಳಲ್ಲಿದೆ. ಅವನ್ನೂ ಸಂಪನ್ಮೂಲವೆಂದೇ ಎಣಿಸಿ.

‘ಆಡೀ’ ಎಂಬ ಐದು ಹಂತಗಳ ಮಾದರಿ 1975ರಲ್ಲಿ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯ ಅಮೆರಿಕದ ಸೈನ್ಯಕ್ಕಾಗಿ ಮಾಡಿದ ಕೆಲಸದಿಂದ ಬೆಳೆದು ಬಂದದ್ದು. ಸಂದರ್ಶನದಲ್ಲಿ ಕೇಳುತ್ತಾರೆ, ತಿಳಿದಿರಲಿ. ಒಂದು ಸಂಜೆಯ ಓದು ಸಾಕು.

ಸಲಕರಣೆಗಳಿಗೆ ಹಣ ಸುರಿಯಬೇಡಿ. ಕೋರ್ಸ್ ನಡೆಸಲು 2002ರಲ್ಲಿ ಬಂದ ಮೂಡಲ್, ಅಭ್ಯಾಸಗಳಿಗೆ ಎಚ್‌5ಪಿ, ಧ್ವನಿಗೆ ಆಡಾಸಿಟಿ, ಪರದೆಯ ಚಿತ್ರೀಕರಣಕ್ಕೆ ಓಬಿಎಸ್ ಇವೆ, ತಂತ್ರಾಂಶಕ್ಕೆ ಹಣವಿಲ್ಲ. ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯಲ್ಲಿ ಕಂಪ್ಯೂಟರ್ ಪಾಠಗಳು ಕನ್ನಡದಲ್ಲೂ ಇವೆ. ಒಂದು ಪಾಠ ಸುಮಾರು ಹತ್ತು ನಿಮಿಷ, ವಿಡಿಯೊ ನೋಡುತ್ತಾ ಪಕ್ಕದಲ್ಲೇ ಮಾಡುತ್ತಾ ಹೋಗಬೇಕು. 2017ರಲ್ಲಿ ಆರಂಭವಾದ ಸ್ವಯಂ ಕೋರ್ಸ್‌ಗಳಲ್ಲಿ ವಿಡಿಯೊ, ಓದುವ ಸಾಮಗ್ರಿ, ಚರ್ಚೆ, ಸ್ವಪರೀಕ್ಷೆ ಎಂಬ ನಾಲ್ಕು ಭಾಗಗಳಿರುತ್ತವೆ. ಒಂದಕ್ಕೆ ಸೇರಿ. ವಿದ್ಯಾರ್ಥಿಯಾಗಿ ನೋಡಿ, ನಂತರ ಎಲ್ಲಿ ನಿಮಗೆ ಬೇಸರವಾಯಿತು ಎಂದು ಬರೆದಿಟ್ಟುಕೊಳ್ಳಿ.

ಒಂದು ಎಚ್ಚರಿಕೆ. ಇನ್‌ಪೇಜ್‌ನಲ್ಲಿರುವ ಹಳೆಯ ಉರ್ದು, ಯೂನಿಕೋಡ್ ಅಲ್ಲದ ನುಡಿಯಲ್ಲಿರುವ ಹಳೆಯ ಕನ್ನಡ, ಇವನ್ನು ಹಾಗೆಯೇ ನಕಲು ಮಾಡಿ ಹಾಕಿದರೆ ಪರದೆಯ ಮೇಲೆ ಅರ್ಥವಿಲ್ಲದ ಗುರುತುಗಳು ಬರುತ್ತವೆ. ಮೊದಲು ಯೂನಿಕೋಡ್‌ಗೆ ಬದಲಿಸಿ. ಬಲದಿಂದ ಎಡಕ್ಕೆ ಹೋಗುವ ಉರ್ದು ಸಾಲಿನಲ್ಲಿ ಕನ್ನಡ ಪದ, ಅಂಕಿ ಸೇರಿದರೆ ಕ್ರಮ ಅದಲು ಬದಲಾಗುವುದುಂಟು. ಡಬ್ಲ್ಯು3ಸಿ ಸಂಸ್ಥೆ ಇದರ ಬಗ್ಗೆ ಒಳ್ಳೆಯ ಲೇಖನಗಳನ್ನು ಪ್ರಕಟಿಸಿದೆ.

ನಮ್ಮ ಮೊದಲ ಪಾಠ ‘ಲ’ ಮತ್ತು ‘ಳ’, ಐದು ನಿಮಿಷದ್ದು. ಅದನ್ನು ಹಂಚುವ ಮುನ್ನ ಮೂವರು ಮಕ್ಕಳ ಮನೆಗೆ ಹೋಗಿ, ಅವರ ಮನೆಯ ಫೋನಿನಲ್ಲೇ, ರಾತ್ರಿ ಹೊತ್ತು ತೋರಿಸೋಣ. ನನ್ನ ಕ್ಲಾರ್ಕ್–ಮೇಯರ್ ಪ್ರತಿಯನ್ನು ಸಂಘದ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ. ಪೆನ್ಸಿಲ್ ಗುರುತು ಹಾಕಿದ ಅಧ್ಯಾಯಗಳನ್ನು ಮೊದಲು ಓದಿ, ಹದಿನೈದು ದಿನದಲ್ಲಿ ಮರಳಿಸಿ. ಇನ್ನೂ ನಾಲ್ವರು ಕಾಯುತ್ತಿದ್ದಾರೆ.