ಅಲ್ಪವಿರಾಮದಲ್ಲಿ ತಪ್ಪಿಹೋದ ಹೆಸರುಗಳು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



"ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸ ಅಂತೀಯಲ್ಲ, ಏನದು, ನಮಗೂ ಹೇಳು" ಎಂದು ಸಮಿತಿಯವರು ಕೇಳಿದರು. ಈ ಸಮಾರಂಭಕ್ಕೆಂದೇ ನಾನು ಮಾಡಿದ ಒಂದು ಸಣ್ಣ ಕೆಲಸವನ್ನೂ ಅದರಲ್ಲಿ ಮಾಡಿದ ತಪ್ಪನ್ನೂ ಹೇಳುತ್ತೇನೆ.

ನಮ್ಮ ಶಾಲೆಯ ಅಡ್ಮಿಷನ್ ರಿಜಿಸ್ಟರನ್ನು ನೀವೆಲ್ಲ ನೋಡಿದ್ದೀರಿ. ಅದನ್ನು ಇಬ್ಬರು ಶಿಕ್ಷಕರು ಬೇಸಿಗೆ ರಜೆಯಲ್ಲಿ ಕೂತು ಎಕ್ಸೆಲ್‌ನಲ್ಲಿ ಟೈಪ್ ಮಾಡಿದರು, ಈಗಿನ ವಿಳಾಸವನ್ನೂ ವಿಚಾರಿಸಿ ಸೇರಿಸಿದರು. ಆಮೇಲೆ ಸಿಎಸ್‌ವಿ ಎಂಬ ಸಾದಾ ಪಠ್ಯದ ಫೈಲಾಗಿ ನನಗೆ ಕಳಿಸಿದರು. ಅದರಲ್ಲಿ ಒಬ್ಬ ವಿದ್ಯಾರ್ಥಿಗೆ ಒಂದು ಸಾಲು; ಮಾಹಿತಿಗಳ ನಡುವೆ ಒಂದೊಂದು ಅಲ್ಪವಿರಾಮ. ಹೆಸರು ಕಲ್ಪಿತ, ಹೀಗಿರುತ್ತದೆ:

214,ಗಿರಿಜಾ,ಮರಿಯಪ್ಪ,01-06-1961,ಕೆಳಗಿನ ಬೀದಿ

ನಮಗೆ ಇದು ಒಬ್ಬ ಹುಡುಗಿ. ಕಂಪ್ಯೂಟರಿಗೆ ಬರೀ ಅಕ್ಷರಗಳ ಸರ. ಯಾವುದು ಹೆಸರು, ಯಾವುದು ಊರು ಎಂದು ನಾವೇ ಹೇಳಿಕೊಡಬೇಕು. ಸಿ ಶಾರ್ಪ್ ಭಾಷೆಯಲ್ಲಿ ಇದಕ್ಕೆ ಫೈಲ್‌ಹೆಲ್ಪರ್ಸ್ ಎಂಬ ಸಿದ್ಧ ಲೈಬ್ರರಿ ಇದೆ. 'ವಿದ್ಯಾರ್ಥಿ' ಎಂದು ಒಂದು ಕ್ಲಾಸ್ ಬರೆಯಬೇಕು. ಎಂಟನೇ ಕ್ಲಾಸಲ್ಲ, ಖಾಲಿ ಅರ್ಜಿ ನಮೂನೆ ಇದ್ದ ಹಾಗೆ. ಮೊದಲ ಮನೆ ಸಂಖ್ಯೆ, ಎರಡನೆಯದು ಹೆಸರು, ನಾಲ್ಕನೆಯದು ದಿನಾಂಕ. ಲೈಬ್ರರಿ ಪ್ರತಿ ಸಾಲನ್ನೂ ಅಲ್ಪವಿರಾಮದಲ್ಲಿ ತುಂಡರಿಸಿ, ಅದೇ ಕ್ರಮದಲ್ಲಿ ಮನೆ ತುಂಬಿ, ಒಂದೊಂದು ಸಾಲಿಗೆ ಒಂದೊಂದು 'ವಿದ್ಯಾರ್ಥಿ'ಯನ್ನು ಕೊಡುತ್ತದೆ. ಆಮೇಲೆ "ಅರುವತ್ತು ದಾಟಿದವರು ಯಾರು?" ಎಂದು ಕೇಳಿದರೆ ಸನ್ಮಾನದ ಪಟ್ಟಿ ಸಿದ್ಧ.

ಮೊದಲ ಸಲ ಓಡಿಸಿದಾಗ ನಿಂತೇಬಿಟ್ಟಿತು. ಬೇರೆ ಕೆಲಸದಿಂದ ಎತ್ತಿಕೊಂಡ ದಿನಾಂಕದ ನಮೂನೆಯಲ್ಲಿ ಅಮೆರಿಕದವರ ಹಾಗೆ ತಿಂಗಳು ಮೊದಲಿತ್ತು. 25-08 ಎಂಬ ದಿನಾಂಕ ಕಂಡು, 25ನೇ ತಿಂಗಳು ಎಲ್ಲಿದೆ ಎಂದು ಅದು ತಕರಾರು ತೆಗೆಯಿತು. ನಿಂತದ್ದೇ ಒಳ್ಳೆಯದಾಯಿತು. ನಮ್ಮೂರಲ್ಲಿ ಜೂನ್ 1ರಂದು ಹುಟ್ಟಿದವರು ಎಷ್ಟು ಮಂದಿ ಎಂದು ನಿಮಗೆ ಗೊತ್ತು. ಹೆತ್ತವರಿಗೆ ತಾರೀಕು ನೆನಪಿಲ್ಲದಾಗ ಮೇಷ್ಟ್ರೇ ಬರೆದುಕೊಂಡ ಹುಟ್ಟುಹಬ್ಬ ಅದು. ಅವರೆಲ್ಲ ಸದ್ದಿಲ್ಲದೆ ಜನವರಿ 6ಕ್ಕೆ ಹುಟ್ಟಿದವರಾಗುತ್ತಿದ್ದರು!

ದಿನಾಂಕ ಸರಿಪಡಿಸಿದೆ. ಸ್ವಲ್ಪ ದೂರ ಓಡಿ ಮತ್ತೆ ನಿಂತಿತು. ರಾತ್ರಿ ಹನ್ನೊಂದು ಗಂಟೆ, ಮರುದಿನ ಪ್ರೆಸ್ಸಿಗೆ ವಿಳಾಸ ಕೊಡಬೇಕು. ತಪ್ಪಿದ ಸಾಲನ್ನು ಬಿಟ್ಟು ಮುಂದೆ ಹೋಗು ಎಂಬ ಸೌಲಭ್ಯ ಆ ಲೈಬ್ರರಿಯಲ್ಲಿದೆ. ಅದನ್ನು ಹಾಕಿದೆ. ಸರಾಗವಾಗಿ ಮುಗಿಯಿತು. ಮಲಗಿದೆ.

ಹದಿನೈದು ದಿನದ ಮೇಲೆ ಅಮ್ಮ ಫೋನ್ ಮಾಡಿದರು. ಮೊದಲನೇ ಬ್ಯಾಚಿನ ಒಬ್ಬ ಅಕ್ಕ ಸಂತೆಯಲ್ಲಿ ಸಿಕ್ಕಿ, "ಎಲ್ಲರಿಗೂ ಕಾಗದ ಬಂತಂತೆ, ನನ್ನ ಹೆಸರು ಶಾಲೆಯವರಿಗೆ ಬೇಡವಾಯ್ತೇನೋ" ಅಂದರಂತೆ. ಆ ಕಾಲದಲ್ಲಿ ಹೈಸ್ಕೂಲಿಗೆ ಬಂದ ಹೆಣ್ಣುಮಕ್ಕಳೇ ಬೆರಳೆಣಿಕೆ. ನನಗೆ ಊಟ ಸೇರಲಿಲ್ಲ.

ಹುಡುಕಿದರೆ, ಅವರ ವಿಳಾಸದಲ್ಲಿ ಬೀದಿಗೂ ಊರಿಗೂ ನಡುವೆ ಒಂದು ಅಲ್ಪವಿರಾಮ. ಐದು ಮನೆಯ ನಮೂನೆಗೆ ಆರು ತುಂಡು! ಎಕ್ಸೆಲ್ ಅಂಥ ವಿಳಾಸವನ್ನು ಉದ್ಧರಣ ಚಿಹ್ನೆಯೊಳಗೆ ಸುತ್ತಿಟ್ಟೇ ಕೊಟ್ಟಿತ್ತು. ಸಿಎಸ್‌ವಿಯ ಪದ್ಧತಿಯನ್ನು 2005ರಲ್ಲಿ ಬರಹಕ್ಕಿಳಿಸಿದ ಆರ್‌ಎಫ್‌ಸಿ 4180ರಲ್ಲೂ ಹಾಗೆಯೇ ಇದೆ. ಈ ಮನೆಯಲ್ಲಿ ಚಿಹ್ನೆ ಇರಬಹುದು ಎಂದು ಕ್ಲಾಸಿನಲ್ಲಿ ಒಂದು ಪದ ಬರೆಯುವುದನ್ನು ನಾನೇ ಮರೆತಿದ್ದೆ.

ಆ ಪದ ಸೇರಿಸಿದೆ. 'ಬಿಟ್ಟು ಹೋಗು' ತೆಗೆದು 'ತಪ್ಪನ್ನು ಕೂಡಿಟ್ಟು ಮುಂದೆ ಹೋಗು' ಎಂದು ಹಾಕಿದೆ. ಆಗ ಸಾಲಿನ ಸಂಖ್ಯೆ, ಮೂಲ ಸಾಲು, ತಪ್ಪಿನ ಕಾರಣ ಮೂರೂ ಪಟ್ಟಿಯಾಗಿ ಬರುತ್ತವೆ. ಬಿಟ್ಟುಹೋದವರಿಗೆಲ್ಲ ಕಾಗದ ಕಳಿಸಿದೆವು. ಆ ಅಕ್ಕನ ಮನೆಗೆ ನಾನೇ ಹೋಗಿ ಕೊಟ್ಟೆ. ಮೂರನೇ ಸಾಲಿನಲ್ಲಿ ಕೂತಿದ್ದಾರೆ, ನಗುತ್ತಿದ್ದಾರೆ.

ಪಟ್ಟಿಯಲ್ಲಿ ಇನ್ನೂ ಎರಡು ಸಾಲು ಉಳಿದಿವೆ. ರಿಜಿಸ್ಟರಿನ ಆ ಪುಟಕ್ಕೆ ಮಳೆನೀರು ಬಿದ್ದು ಶಾಯಿ ಹರಡಿದೆ. ತಂದೆಯ ಹೆಸರು ಮಾತ್ರ ಓದಲು ಬರುತ್ತದೆ. ಪುಸ್ತಕವನ್ನು ಆಫೀಸ್ ರೂಮಿನ ಮೇಜಿನ ಮೇಲೆ ಇಟ್ಟಿದ್ದೇವೆ. ಊಟಕ್ಕೆ ಮುಂಚೆ ಹಳೆಯ ಬ್ಯಾಚಿನವರು ಒಮ್ಮೆ ಬಂದು ನೋಡಬೇಕು. ನಿಮಗೆ ನೆನಪಾದರೆ ಇವತ್ತೇ ಸೇರಿಸುತ್ತೇನೆ.