ಬಿಗಿ ಬಿಟ್ಟು ಓಡು



ಇಂದು ಒಬ್ಬ ಓಟದ ಉಸ್ತಾದರ ಬಗ್ಗೆ ನಾಲ್ಕು ಮಾತು ಹೇಳಬಯಸುತ್ತೇನೆ. ಗೆದ್ದವರ ಹೆಸರನ್ನು ಲೋಕ ನೆನಪಿಡುತ್ತದೆ, ಗೆಲ್ಲಲು ಕಲಿಸಿದವರನ್ನು ಮರೆಯುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾನ್ ಹೋಸೆ ಸ್ಟೇಟ್ ಕಾಲೇಜಿನ ತರಬೇತುದಾರ ಲಾಯ್ಡ್ ವಿಂಟರ್ ಅಂಥ ಒಬ್ಬ ಗುರು. ಎಲ್ಲರೂ ಅವರನ್ನು ಬಡ್ ವಿಂಟರ್ ಎಂದೇ ಕರೆಯುತ್ತಿದ್ದರು. 1940ರ ದಶಕದ ಆರಂಭದಿಂದ 1970ರವರೆಗೆ ಅವರು ಅದೇ ಕಾಲೇಜಿನ ತರಬೇತುದಾರರು. ಅವರ ಕೈಯಲ್ಲಿ 27 ಮಂದಿ ಒಲಿಂಪಿಕ್ ಕ್ರೀಡಾಪಟುಗಳು ತಯಾರಾದರು. ಆ ಕಾಲೇಜಿಗೆ ‘ಸ್ಪೀಡ್ ಸಿಟಿ’ ಎಂಬ ಹೆಸರೇ ಬಿತ್ತು.

ಅವರು ಕಲಿಸಿದ್ದು ಏನು? ಹಲ್ಲು ಕಚ್ಚಿ, ಮುಷ್ಟಿ ಬಿಗಿದು ಓಡುವವನೇ ವೇಗವಾಗಿ ಓಡುತ್ತಾನೆ ಎಂದು ನಾವೆಲ್ಲ ತಿಳಿದಿದ್ದೇವೆ. ವಿಂಟರ್ ಹೇಳಿದ್ದು ಇದಕ್ಕೆ ತದ್ವಿರುದ್ಧ: ದವಡೆ ಸಡಿಲ ಬಿಡು, ಕೈ ಸಡಿಲ ಬಿಡು, ಆಮೇಲೆ ಓಡು. ಇದರ ಕಾರಣ ಸರಳ. ಕಾಲಿನ ಒಂದು ಸ್ನಾಯು ಎಳೆಯುವಾಗ ಅದರ ಎದುರಿನ ಸ್ನಾಯು ಸಡಿಲಗೊಳ್ಳಬೇಕು. ಎರಡೂ ಒಟ್ಟಿಗೆ ಬಿಗಿದರೆ ಬ್ರೇಕ್ ಒತ್ತಿಕೊಂಡೇ ಗಾಡಿ ಓಡಿಸಿದಂತೆ. ಹತ್ತಕ್ಕೆ ಹತ್ತು ಶಕ್ತಿ ಹಾಕಿ ಒದ್ದಾಡುವುದಕ್ಕಿಂತ ಹತ್ತಕ್ಕೆ ಒಂಬತ್ತರಷ್ಟು ಹಾಕಿ ಹಗುರವಾಗಿ ಓಡಿದರೆ ವೇಗ ಹೆಚ್ಚು ಎಂಬುದು ಅವರ ಸೂತ್ರ. ಎರಡನೇ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯ ವಿಮಾನ ಚಾಲಕರಿಗೂ ಮೈಮನಸ್ಸನ್ನು ಸಡಿಲಗೊಳಿಸುವ ವಿದ್ಯೆಯನ್ನು ಅವರು ಕಲಿಸಿದರು. ಅದನ್ನೇ 1981ರಲ್ಲಿ ‘ರಿಲ್ಯಾಕ್ಸ್ ಅಂಡ್ ವಿನ್’ ಎಂಬ ಪುಸ್ತಕದಲ್ಲಿ ಬರೆದಿಟ್ಟರು.

ಅವರ ಶಿಷ್ಯರು ಯಾರು ಎಂಬುದನ್ನೂ ನೋಡಿ. ಟಾಮಿ ಸ್ಮಿತ್ ಹೊಲಗಳಲ್ಲಿ ಕೂಲಿ ಮಾಡಿದ ಕುಟುಂಬದ 12 ಮಕ್ಕಳಲ್ಲಿ ಒಬ್ಬ. ಓಟದ ಅಂಗಳದಲ್ಲಿ ಚಪ್ಪಾಳೆ ಗಿಟ್ಟಿಸಿದ ಕಪ್ಪು ವಿದ್ಯಾರ್ಥಿಗಳಿಗೆ ಕಾಲೇಜಿನ ಸುತ್ತಮುತ್ತ ಬಾಡಿಗೆ ಮನೆ ಸಿಗುವುದೇ ಕಷ್ಟವಾಗಿತ್ತು. 1967ರಲ್ಲಿ ಈ ಅನ್ಯಾಯದ ವಿರುದ್ಧ ಅಲ್ಲಿ ದೊಡ್ಡ ಚಳವಳಿಯೇ ನಡೆಯಿತು.

ಮರುವರ್ಷ ಮೆಕ್ಸಿಕೋ ಒಲಿಂಪಿಕ್ಸ್. 1968ರ ಅಕ್ಟೋಬರ್ 16ರಂದು ಟಾಮಿ ಸ್ಮಿತ್ 200 ಮೀಟರ್ ಓಟವನ್ನು 19.83 ಸೆಕೆಂಡುಗಳಲ್ಲಿ ಮುಗಿಸಿ ವಿಶ್ವದಾಖಲೆ ಬರೆದ. ಜಾನ್ ಕಾರ್ಲೋಸ್‌ಗೆ ಕಂಚು. ಪದಕ ವೇದಿಕೆಯ ಮೇಲೆ ಇಬ್ಬರೂ ತಲೆತಗ್ಗಿಸಿ, ಕಪ್ಪು ಕೈಗವಸು ತೊಟ್ಟ ಮುಷ್ಟಿಯನ್ನು ಮೇಲೆತ್ತಿದರು. ಅದಕ್ಕಾಗಿ ಅವರನ್ನು ತಂಡದಿಂದಲೇ ಹೊರಹಾಕಲಾಯಿತು. ಇನ್ನೊಬ್ಬ ಶಿಷ್ಯ ಲೀ ಇವಾನ್ಸ್ ಗೆಳೆಯರ ಸ್ಥಿತಿ ಕಂಡು ಓಡುವುದೇ ಬೇಡವೆಂದು ಕುಳಿತ. ಓಡು ಎಂದು ಒತ್ತಾಯಿಸಿದವನು ಕಾರ್ಲೋಸ್. ಅಕ್ಟೋಬರ್ 18ರಂದು ಇವಾನ್ಸ್ 400 ಮೀಟರನ್ನು 43.86 ಸೆಕೆಂಡುಗಳಲ್ಲಿ ಓಡಿದ. ಆ ದಾಖಲೆ ಸುಮಾರು 20 ವರ್ಷ ಉಳಿಯಿತು.

ಮಕ್ಕಳೇ, ಆ ದಿನ ಇವಾನ್ಸ್‌ನ ಎದೆಯ ಮೇಲೆ ಎಷ್ಟು ಭಾರವಿತ್ತೆಂದು ಯೋಚಿಸಿ. ನಿಮ್ಮ ಮೇಲೂ ಭಾರವಿದೆ. ತಂದೆ ತಾಯಿಯ ಆಸೆ, ಮನೆಯ ಬಡತನ, ‘ನಿಮ್ಮವರು ಎಲ್ಲಿ ಓದುತ್ತಾರೆ’ ಎಂಬ ನೆರೆಯವರ ಮಾತು. ಇವನ್ನೆಲ್ಲ ಹೊತ್ತುಕೊಂಡೇ ಪರೀಕ್ಷೆಯ ಕೋಣೆಗೆ ಹೋಗುತ್ತೀರಿ. ಪೆನ್ನು ಹಿಡಿದ ಬೆರಳು ಬಿಗಿಯುತ್ತದೆ, ಗೊತ್ತಿದ್ದ ಉತ್ತರವೂ ಮರೆಯುತ್ತದೆ. ಆಗ ಒಂದು ನಿಮಿಷ ಹೆಗಲು ಇಳಿಬಿಡಿ, ಉಸಿರು ನಿಧಾನ ಮಾಡಿ. ದುಡಿಮೆಗೆ ರಜೆ ಕೊಡಿ ಎಂದು ನಾನು ಹೇಳುತ್ತಿಲ್ಲ. ವರ್ಷವಿಡೀ ಬೆವರು ಸುರಿಸಿದವನಿಗೆ ಮಾತ್ರ ಆ ದಿನ ಸಡಿಲವಾಗಿರಲು ಸಾಧ್ಯ.

ಶಿಕ್ಷಕ ಬಂಧುಗಳೇ, ಹೆತ್ತವರೇ, ನಾವು ಅಂಗಳದ ಬದಿಯಲ್ಲಿ ನಿಂತು ‘ಇನ್ನೂ ಜೋರು, ಇನ್ನೂ ಜೋರು’ ಎಂದು ಕೂಗುವುದೇ ಹೆಚ್ಚು. ಮಗುವಿನ ಬಿಗಿ ಸಡಿಲಿಸುವುದೂ ಕಲಿಸುವ ಕೆಲಸವೇ. ವಿಂಟರ್ 1985ರಲ್ಲಿ ತೀರಿಕೊಂಡರು. 1988ರಲ್ಲಿ ಅವರ ಕಾಲೇಜು ಓಟದ ತಂಡವನ್ನೇ ಮುಚ್ಚಿತು, ಮತ್ತೆ ಆರಂಭಿಸಲು 30 ವರ್ಷ ಬೇಕಾಯಿತು. ತಂಡವಿಲ್ಲದ ಆ ನಡುವೆ, 2005ರಲ್ಲಿ, ಸ್ಮಿತ್ ಮತ್ತು ಕಾರ್ಲೋಸ್‌ರ ಪ್ರತಿಮೆ ಅದೇ ಆವರಣದಲ್ಲಿ ಎದ್ದು ನಿಂತಿತು. ಗುರುವಿನ ನಿಜವಾದ ಗಳಿಕೆ ತಲೆಯೆತ್ತಿ ನಿಂತ ಶಿಷ್ಯರೇ. ನಮ್ಮ ಶಾಲೆಗಳಿಂದಲೂ ಅಂಥ ಮಕ್ಕಳು ಹೊರಬರಲಿ ಎಂದು ಹಾರೈಸುತ್ತಾ ನನ್ನ ಮಾತು ಮುಗಿಸುತ್ತೇನೆ.