ಕಪ್ಪು ಬಿಯರಿನ ಒಂದು ಗುಟುಕು



ಬಿಯರ್ ಎಂದೊಡನೆ ನಮ್ಮಲ್ಲಿ ಕಣ್ಣಿಗೆ ಕಟ್ಟುವುದು ಚಿನ್ನದ ಬಣ್ಣ, ಬಿಳಿ ನೊರೆ, ಬೆವರುತ್ತಿರುವ ತಣ್ಣನೆಯ ಬಾಟಲಿ. ಮೇಲೆ ‘ಸ್ಟ್ರಾಂಗ್’ ಎಂಬ ಚೀಟಿಯಿದ್ದರೆ ಅದಕ್ಕೆ ಜನ ಕೊಡುವ ಅರ್ಥ ಒಂದೇ: ಬೇಗ ತಲೆಗೇರುತ್ತದೆ. ಇಂಗ್ಲೆಂಡಿನಲ್ಲಿ ಹುಟ್ಟಿದ ಇಂಪೀರಿಯಲ್ ಸ್ಟೌಟ್ ಎಂಬ ಬಿಯರ್ ನಮ್ಮ ಸ್ಟ್ರಾಂಗ್ ಬಿಯರಿಗಿಂತಲೂ ಗಟ್ಟಿ. ಅದರಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ ಶೇ 8ರಿಂದ 12. ಗಟಗಟನೆ ಕುಡಿದವನಿಗೆ ಅದರಿಂದ ಸಿಗುವುದು ಅಮಲು ಮಾತ್ರ. ನಿಧಾನವಾಗಿ ಗುಟುಕರಿಸುವವನಿಗೆ ಮುನ್ನೂರು ವರ್ಷಗಳ ಚರಿತ್ರೆಯೇ ರುಚಿಯಾಗಿ ಒದಗುತ್ತದೆ. ಆ ರುಚಿಯನ್ನು ಓದುವುದು ಹೇಗೆಂಬುದೇ ಈ ಮಾತಿನ ಉದ್ದೇಶ.

ಮೊದಲು ಕಣ್ಣು

ಇದಕ್ಕೆ ದೊಡ್ಡ ಮಗ್ ಬೇಡ. ಹೊಟ್ಟೆ ಅಗಲವಾಗಿ ಬಾಯಿ ಕಿರಿದಾದ ಬ್ರಾಂದಿ ಗ್ಲಾಸು ಸಾಕು. ನೂರು ಮಿಲಿಲೀಟರಿನಷ್ಟು ಸುರಿದರೆ ಮೇಲೆ ಕಾಫಿ ಬಣ್ಣದ ನೊರೆ ಏಳುತ್ತದೆ. ದೀಪಕ್ಕೆ ಹಿಡಿದರೂ ಬೆಳಕು ಹಾಯುವುದಿಲ್ಲ. ಅಂಚಿನಲ್ಲಷ್ಟೇ ಕೆಂಪು ಛಾಯೆ.

ಈ ಕಪ್ಪು ಬಂದದ್ದೆಲ್ಲಿಂದ? ಬಿಯರಿಗೆ ಮೂಲ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಜವೆಗೋಧಿ. ಮಗುವಿನ ಸರಿಹಿಟ್ಟಿಗಾಗಿ ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆಯೊಡೆದ ಮೇಲೆ ಒಣಗಿಸುವುದು ನಮ್ಮ ಮನೆಗಳಲ್ಲಿ ಗೊತ್ತಿರುವ ಕೆಲಸವೇ. 1720ರ ದಶಕದ ಲಂಡನ್ನಿನಲ್ಲಿ ಮಾಲ್ಟನ್ನು ಬೆಂಕಿಯ ಶಾಖದಲ್ಲಿ ಕಂದಾಗುವವರೆಗೆ ಒಣಗಿಸಿ ಒಂದು ಬಗೆಯ ಬಿಯರ್ ತಯಾರಿಸುತ್ತಿದ್ದರು. ಹೊರೆ ಹೊರುವ ಹಮಾಲರಿಗೆ ಅದು ಅಚ್ಚುಮೆಚ್ಚು. ಅವರಿಂದಲೇ ಅದಕ್ಕೆ ‘ಪೋರ್ಟರ್’ ಎಂಬ ಹೆಸರು ಬಂತು. ಅದರಲ್ಲೇ ಹೆಚ್ಚು ಗಟ್ಟಿಯಾದದ್ದು ‘ಸ್ಟೌಟ್ ಪೋರ್ಟರ್’. ಬರಬರುತ್ತ ‘ಸ್ಟೌಟ್’ ಅಷ್ಟೇ ಉಳಿಯಿತು.

ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಬ್ರೂವರಿಗಳಿಗೆ ಹೈಡ್ರೋಮೀಟರ್ ಬಂತು. ಕಂದು ಮಾಲ್ಟಿಗಿಂತ ತಿಳಿಬಣ್ಣದ ಮಾಲ್ಟಿನಿಂದ ಹೆಚ್ಚು ಸಕ್ಕರೆ ಅಂಶ ಇಳಿಯುತ್ತದೆ ಎಂಬ ಲೆಕ್ಕ ಅದರಿಂದ ಸಿಕ್ಕಿತು. ಮಾಲೀಕರು ತಿಳಿ ಮಾಲ್ಟಿಗೆ ತಿರುಗಿದರು. ಖರ್ಚು ಉಳಿಯಿತು, ಬಣ್ಣ ಹೋಯಿತು. ಬಣ್ಣಕ್ಕಾಗಿ ಸುಟ್ಟ ಸಕ್ಕರೆ ಬೆರೆಸುವ ಪದ್ಧತಿಯೂ ನಡೆಯಿತು. ಆದರೆ 1816ರಲ್ಲಿ ಬ್ರಿಟಿಷ್ ಸಂಸತ್ತು ಅದನ್ನು ನಿಷೇಧಿಸಿತು. ಮರುವರ್ಷವೇ ಡೇನಿಯಲ್ ವೀಲರ್ ಎಂಬಾತ, ಕಾಫಿ ಬೀಜ ಹುರಿಯುವ ಡ್ರಮ್ಮಿನಂಥ ಕಬ್ಬಿಣದ ಉರುಳೆಯಲ್ಲಿ ಮಾಲ್ಟನ್ನೇ ಕಪ್ಪಗೆ ಹುರಿಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಈ ಮಾಲ್ಟು ಸ್ವಲ್ಪ ಬಿದ್ದರೆ ಸಾಕು, ಪೀಪಾಯಿಯೆಲ್ಲ ಕಪ್ಪು. ಗ್ಲಾಸಿನಲ್ಲಿ ಕಾಣುವ ಬಣ್ಣದ ಹಿಂದೆ ಹೀಗೆ ಒಂದು ಅಳತೆಯ ಉಪಕರಣ, ಒಂದು ಕಾನೂನು, ಒಬ್ಬನ ಉಪಾಯ ಸೇರಿಕೊಂಡಿವೆ.

ಆಮೇಲೆ ಮೂಗು

ಫ್ರಿಜ್ಜಿನಿಂದ ತೆಗೆದ ಕೂಡಲೇ ಕುಡಿದರೆ ಅರ್ಧ ರುಚಿ ಬಾಟಲಿಯಲ್ಲೇ ಉಳಿದಂತೆ. ತೀರಾ ತಂಪಾದಾಗ ಪರಿಮಳ ಮೇಲೇಳುವುದಿಲ್ಲ. 12ರಿಂದ 14 ಡಿಗ್ರಿ ಸೆಲ್ಸಿಯಸ್ ಇದಕ್ಕೆ ಹದ. ಗ್ಲಾಸನ್ನು ಮೆಲ್ಲಗೆ ತಿರುಗಿಸಿ ಮೂಗಿನ ಬಳಿ ಹಿಡಿದರೆ ಮೊದಲು ಬರುವುದು ಹುರಿದ ಕಾಫಿಯ, ಕಹಿ ಚಾಕೊಲೇಟಿನ ವಾಸನೆ. ಬಿಯರಿಗೆ ಕಾಫಿಯನ್ನೇನೂ ಹಾಕಿರಬೇಕಾಗಿಲ್ಲ. ಕಾಳಿನಲ್ಲಿರುವ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಶಾಖಕ್ಕೆ ಸಿಕ್ಕಿ ಹೊಸ ವಾಸನೆ, ಬಣ್ಣಗಳನ್ನು ಹುಟ್ಟಿಸುವುದನ್ನು ಫ್ರಾನ್ಸಿನ ರಸಾಯನ ವಿಜ್ಞಾನಿ ಲೂಯಿ ಕಮಿಲ್ ಮಯ್ಯಾರ್ 1912ರಲ್ಲಿ ವಿವರಿಸಿದ. ಕಾವಲಿಯ ಮೇಲೆ ದೋಸೆ ಕೆಂಪಾಗುವುದರಲ್ಲಿ, ಚಿಕ್ಕಮಗಳೂರಿನ ಬೀಜ ಹುರಿಯುವಾಗ ಬೀದಿಯೆಲ್ಲ ಘಮ್ಮೆನ್ನುವುದರಲ್ಲಿ ಇರುವುದೂ ಇದೇ ಕ್ರಿಯೆ.

ಎರಡನೆಯ ಸಲ ಮೂಸಿದಾಗ ಜೋನಿಬೆಲ್ಲ, ಒಣದ್ರಾಕ್ಷಿ, ಖರ್ಜೂರ. ಇದರಲ್ಲಿ ಯೀಸ್ಟಿನ ಕೆಲಸವಿದೆ, ಕಾಲದ ಕೆಲಸವೂ ಇದೆ. ಹಳೆಯ ಲಂಡನ್ನಿನಲ್ಲಿ ಪೋರ್ಟರನ್ನು ದೈತ್ಯ ಗಾತ್ರದ ಮರದ ತೊಟ್ಟಿಗಳಲ್ಲಿ ತಿಂಗಳುಗಟ್ಟಲೆ ಮಾಗಿಸುತ್ತಿದ್ದರು. 1814ರಲ್ಲಿ ಅಂಥ ಒಂದು ತೊಟ್ಟಿ ಒಡೆದು, ನುಗ್ಗಿದ ಬಿಯರಿನ ಹೊಳೆಗೆ ಎಂಟು ಜನ ಬಲಿಯಾದರು. ಮಾಗಿದ ಬಿಯರಿಗೆ ವಿಶಿಷ್ಟ ಸ್ವಾದ ಕೊಡುತ್ತಿದ್ದ ಯೀಸ್ಟನ್ನು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಕ್ಲಾಸೆನ್ 1904ರಲ್ಲಿ ಪ್ರಕಟಪಡಿಸಿ ‘ಬ್ರೆಟನೊಮೈಸಿಸ್’ ಎಂದು ಕರೆದ. ಬ್ರಿಟನ್ನಿನ ಶಿಲೀಂಧ್ರ ಎಂಬುದು ಅದರ ಅರ್ಥ.

ಕೊನೆಗೆ ನಾಲಿಗೆ

ಒಂದು ಚಮಚದಷ್ಟು ಬಾಯಿಗೆ ತೆಗೆದುಕೊಂಡು, ನಾಲಿಗೆಯ ಮೇಲೆಲ್ಲ ಹರಿಸಿ, ನುಂಗಿ, ಮೂಗಿನಿಂದ ಉಸಿರು ಬಿಡಬೇಕು. ಮೊದಲು ಸಿಹಿ, ಹಿಂದೆಯೇ ಹುರಿದ ಕಾಳಿನ ಮತ್ತು ಹಾಪ್ಸ್ ಹೂವಿನ ಕಹಿ, ಕೊನೆಯಲ್ಲಿ ಎದೆಯೊಳಗೆ ಬೆಚ್ಚನೆಯ ಅನುಭವ. ಬರಿ ಸೀದ ರುಚಿಯಿದ್ದರೆ ಅದು ಹದ ತಪ್ಪಿದ ಬಿಯರ್. ಗಂಟಲು ಸುಡುವ ಘಾಟೇ ಮುಂದಾದರೂ ಅಷ್ಟೇ. ಸಿಹಿ, ಕಹಿ, ಬಿಸುಪು ಒಂದನ್ನೊಂದು ತುಳಿಯದಿರುವುದೇ ಒಳ್ಳೆಯದರ ಲಕ್ಷಣ. ಹತ್ತು ನಿಮಿಷ ಬಿಟ್ಟು ಮತ್ತೆ ಗುಟುಕರಿಸಿದರೆ, ತಂಪು ಇಳಿದು, ಮೊದಲು ಕಾಣದಿದ್ದ ರುಚಿಗಳು ಹೊರಬರುತ್ತವೆ.

ಇಷ್ಟು ಗಟ್ಟಿ ಏಕೆ? ರಷ್ಯಾದ ಚಳಿಯಲ್ಲಿ ಹೆಪ್ಪುಗಟ್ಟದಿರಲಿ, ಹಡಗಿನಲ್ಲಿ ಕೆಡದಿರಲಿ ಎಂದು ಹೀಗೆ ಮಾಡಿದರು ಎಂಬ ಕಥೆ ಎಲ್ಲೆಡೆ ಕೇಳಿಬರುತ್ತದೆ. ರಷ್ಯಾದ ನಂಟೇನೋ ನಿಜ. 1781ರಲ್ಲಿ ಲಂಡನ್ನಿನ ಥ್ರೇಲ್ ಬ್ರೂವರಿ 1,35,000 ಪೌಂಡಿಗೆ ಬಾರ್ಕ್ಲೇ ಮತ್ತು ಪರ್ಕಿನ್ಸ್ ಪಾಲುದಾರರಿಗೆ ಮಾರಾಟವಾಯಿತು. ಥ್ರೇಲ್ ಬ್ರೂವರಿಯ ಪೋರ್ಟರ್ ರಷ್ಯಾದ ಸಾಮ್ರಾಜ್ಞಿಗಾಗಿಯೇ ತಯಾರಾದದ್ದು, ಏಳು ವರ್ಷ ಕೆಡದು ಎಂದು ಕೇಳಿದ್ದನ್ನು ಚಿತ್ರಕಾರ ಜೋಸೆಫ್ ಫಾರಿಂಗ್ಟನ್ 1796ರಲ್ಲಿ ದಿನಚರಿಯಲ್ಲಿ ಬರೆದಿಟ್ಟ. ಆಗ ಸಿಂಹಾಸನದಲ್ಲಿದ್ದವಳು ಎರಡನೆಯ ಕ್ಯಾಥರೀನ್. ‘ಇಂಪೀರಿಯಲ್’ ಎಂಬುದು ಆ ಆಸ್ಥಾನದ ನೆನಪು.

ಆದರೆ ಹಡಗಿನ ವಾದ ನಿಲ್ಲುವುದಿಲ್ಲ. ಈಸ್ಟ್ ಇಂಡಿಯಾ ಕಂಪನಿ ತನ್ನ ಸೈನಿಕರಿಗಾಗಿ ಭಾರತಕ್ಕೂ ಪೋರ್ಟರ್ ತರಿಸುತ್ತಿತ್ತು. ಸಮಭಾಜಕ ವೃತ್ತವನ್ನು ಎರಡು ಬಾರಿ ದಾಟುವ, ತಿಂಗಳುಗಟ್ಟಲೆಯ ಆ ಪ್ರಯಾಣವನ್ನು ಪೋರ್ಟರ್ ತಾಳಿಕೊಂಡಿತು. ಹಾಗಿರುವಾಗ ಹತ್ತಿರದ ಬಾಲ್ಟಿಕ್ ಪ್ರಯಾಣಕ್ಕೆಂದೇ ಗಟ್ಟಿ ಮಾಡಬೇಕಿರಲಿಲ್ಲ. ಗಟ್ಟಿ ಸ್ಟೌಟನ್ನು ಲಂಡನ್ನಿಗರೂ ಕುಡಿಯುತ್ತಿದ್ದರು. ಕೊಳ್ಳುವವರ ಅಭಿರುಚಿ, ಜೇಬಿನ ಬಲಗಳೇ ಹೆಚ್ಚು ನಂಬತಕ್ಕ ಕಾರಣ.

ಮುಳುಗಿ ಎದ್ದ ರುಚಿ

ಈ ಸ್ಟೌಟನ್ನು ಲಂಡನ್ನಿನಿಂದ ರಷ್ಯಾಕ್ಕೆ ಸಾಗಿಸುತ್ತಿದ್ದವರಲ್ಲಿ ಲೆ ಕಾಕ್ ಸಂಸ್ಥೆ ಪ್ರಸಿದ್ಧ. ಅದರ ಸರಕು ಹೊತ್ತ ‘ಒಲಿವಾ’ ಹಡಗು 1869ರಲ್ಲಿ ಬಾಲ್ಟಿಕ್ ಸಮುದ್ರದಲ್ಲಿ ಮುಳುಗಿತು. ನೂರೈದು ವರ್ಷಗಳ ಬಳಿಕ, 1974ರಲ್ಲಿ, ಮುಳುಗುಗಾರರು ಆ ಬಾಟಲಿಗಳನ್ನು ಮೇಲೆತ್ತಿದರು. ಅಷ್ಟರಲ್ಲಿ ಯುದ್ಧ, ಕ್ರಾಂತಿಗಳಲ್ಲಿ ರಷ್ಯಾದ ಮಾರುಕಟ್ಟೆ ಅಳಿದುಹೋಗಿತ್ತು. ಬಾರ್ಕ್ಲೇ ಪರ್ಕಿನ್ಸ್ 1955ರಲ್ಲಿ ಕರೇಜ್ ಕಂಪನಿಯೊಡನೆ ವಿಲೀನವಾಯಿತು. 1993ರಲ್ಲಿ ಕರೇಜ್ ಕೂಡ ತನ್ನ ರಷ್ಯನ್ ಸ್ಟೌಟನ್ನು ನಿಲ್ಲಿಸಿತು. ಇನ್ನೂರು ವರ್ಷ ಬಾಳಿದ ರುಚಿ ಮುಗಿದೇ ಹೋಯಿತೆನ್ನುವಾಗ ಅಮೆರಿಕದ ಸಣ್ಣ ಬ್ರೂವರಿಗಳು ಅದನ್ನು ಕೈಗೆತ್ತಿಕೊಂಡಿದ್ದವು. ಇಂಗ್ಲೆಂಡಿನ ಲೂಯಿಸ್ ಪಟ್ಟಣದ ಹಾರ್ವೀಸ್ ಬ್ರೂವರಿ 1999ರಲ್ಲಿ ಲೆ ಕಾಕ್ ಹೆಸರಿನಲ್ಲೇ ಇದನ್ನು ಮತ್ತೆ ತಯಾರಿಸಿತು.

ಕಡೆಗೆ ಒಂದು ಲೆಕ್ಕ. ಶೇ 10ರ ಸ್ಟೌಟಿನ 330 ಮಿಲಿಲೀಟರಿನ ಪುಟ್ಟ ಬಾಟಲಿಯಲ್ಲಿರುವ ಆಲ್ಕೋಹಾಲ್, ಶೇ 5ರ ಬಿಯರಿನ 650 ಮಿಲಿಲೀಟರಿನ ದೊಡ್ಡ ಬಾಟಲಿಯಲ್ಲಿ ಇರುವಷ್ಟೇ. ಸಣ್ಣ ಬಾಟಲಿಯೆಂದು ಒಂದರ ಮೇಲೊಂದು ತೆರೆದವನು ಮೋಸ ಹೋಗುತ್ತಾನೆ. ಆರೋಗ್ಯಕ್ಕೆ ಅಪಾಯವೇ ಇಲ್ಲದ ಮದ್ಯದ ಪ್ರಮಾಣ ಎಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ರುಚಿಯ ಮಾತು ಆ ಎಚ್ಚರಿಕೆಯನ್ನು ಅಳಿಸಲಾರದು. ಕುಡಿಯದವರು ಇದಕ್ಕಾಗಿ ಆರಂಭಿಸಬೇಕಾಗಿಯೂ ಇಲ್ಲ. ಹುರಿದ ಕಾಫಿಯನ್ನು ಮೂಸಿ ನೋಡಿದವರಿಗೆ ಈ ಕಥೆಯ ಅರ್ಧ ತಿಳಿದೇ ಇದೆ.

ಕುಡಿಯುವವರಿಗೆ ಮಾತ್ರ ಒಂದು ಕಿವಿಮಾತು: ಪುಟ್ಟ ಬಾಟಲಿ ಒಂದು, ಗ್ಲಾಸು ಮೂರು, ಮಾತಿಗೆ ಒಂದು ಸಂಜೆ. ಇಂಪೀರಿಯಲ್ ಸ್ಟೌಟಿಗೆ ಅಷ್ಟು ಸಾಕು.